ಸಿಮ್ಯುಲೇಶನ್‌ನಲ್ಲಿ ಗಾಡಿ ವಿಚಿತ್ರವಾಗಿ ಓಡುತ್ತಿದೆಯೇ? ಟೈರ್ ಫೈಲ್ ಮುಟ್ಟುವ ಮೊದಲು ಇಷ್ಟು ನೋಡಿ

ಪುಣೆಯಲ್ಲಿ ಚಾಕಣ್‌ನಿಂದ ಹಿಂಜವಡಿವರೆಗೆ, ಗಾಡಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಯಾವ ಸಿಮ್ಯುಲೇಶನ್ ಟೀಮಿಗೆ ಹೋದರೂ ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯ ಒಬ್ಬರಾದರೂ ಸಿಗುತ್ತಾರೆ. ಹೊಸಬರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾ, ಸ್ಟೇರಿಂಗ್ ಸೀದಾ ಇದ್ರೂ ಗಾಡಿ ಎಡಕ್ಕ ಹೊಂಟೈತಿ." "ರನ್ ಕೊಟ್ಟ ಕೂಡ್ಲೇ ಗಾಡಿ ಮ್ಯಾಲ ಹಾರ್ತೈತಿ." "ಟ್ರ್ಯಾಕ್ ಡೇಟಾಕ್ಕ ಹೊಂದವಲ್ದು, ಟೈರ್ ಫೈಲ್‌ನ್ಯಾಗ ಸ್ಕೇಲಿಂಗ್ ಎಷ್ಟ್ ಹಾಕ್ಲಿ?"

ಈ ಮೂರನೆಯ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಟೈರ್ ಫೈಲ್ ಎಂದರೆ ಟೈರಿನ ಗುಣಗಳನ್ನು ಸಂಖ್ಯೆಗಳಲ್ಲಿ ಬರೆದಿಟ್ಟ ಫೈಲ್, ಸ್ಕೇಲಿಂಗ್ ಎಂದರೆ ಆ ಗುಣಗಳನ್ನು ಹಿಗ್ಗಿಸುವ ಕುಗ್ಗಿಸುವ ಸಂಖ್ಯೆ. ಟೈರ್ ಸ್ಕೇಲಿಂಗ್ ತಿರುಗಿಸುತ್ತಾ ಹೋದರೆ ಗ್ರಾಫಿನ ಯಾವ ಗೆರೆಯನ್ನಾದರೂ ಯಾವ ಗೆರೆಯ ಮೇಲಾದರೂ ಕೂರಿಸಬಹುದು. ತಪ್ಪು ಮಾತ್ರ ಒಳಗೇ ಉಳಿಯುತ್ತದೆ. ಆಮೇಲೆ ಅದೇ ಮಾಡೆಲ್ ನೋಡಿ ಸ್ಪ್ರಿಂಗ್ ಆರಿಸುತ್ತಾರೆ, ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ದಪ್ಪ ತೀರ್ಮಾನಿಸುತ್ತಾರೆ, ಇಎಸ್‌ಸಿ (ಗಾಡಿ ಜಾರಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಟ್ಯೂನ್ ಮಾಡುತ್ತಾರೆ. ಆ ಗಾಡಿಯಲ್ಲಿ ನಾಳೆ ಯಾರೋ ಮಕ್ಕಳನ್ನು ಕೂರಿಸಿಕೊಂಡು ಖಂಬಾಟ್ಕಿ ಘಾಟ್ ಇಳಿಯುತ್ತಾರೆ ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಕಾರ್‌ಸಿಮ್ ಇರಲಿ, ಕಾರ್‌ಮೇಕರ್ ಇರಲಿ, ಆಡಮ್ಸ್ ಕಾರ್ ಇರಲಿ, ಮೆನು ಬೇರೆ ಇರುತ್ತದೆ, ದೋಷಗಳು ಅವೇ. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಮೇಲೆ ಹೋಗೋಣ. ಏನನ್ನಾದರೂ ಮುಟ್ಟುವ ಮೊದಲು ಮಾಡೆಲ್‌ನ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ರನ್ ಶುರುವೇ ಆಗುವುದಿಲ್ಲ

ಇದು ಬಹಳ ಸಲ ಗಾಡಿಯ ತಪ್ಪಲ್ಲ. ಮೊದಲು ಲೈಸೆನ್ಸ್ ನೋಡಿ. ವಿಪಿಎನ್ ಕಡಿದುಹೋಗಿದೆಯೇ? ಸಹೋದ್ಯೋಗಿ ಸಾಫ್ಟ್‌ವೇರ್ ತೆರೆದಿಟ್ಟು ಊಟಕ್ಕೆ ಹೋಗಿದ್ದಾರೆಯೇ? ನಮ್ಮ ಕಡೆ ಗುರುವಾರ ರಿಪೇರಿ ಎಂದು ಕರೆಂಟ್ ತೆಗೆಯುವುದು ಗೊತ್ತಿದ್ದದ್ದೇ, ಕರೆಂಟ್ ಬಂದ ಮೇಲೆ ಲೈಸೆನ್ಸ್ ಸರ್ವರ್ ತಾನಾಗಿ ಎದ್ದಿರದೆ ಇರಬಹುದು. ಆಗ ಐಟಿಯವರಿಗೆ ಹೇಳಿ, ನೀವೇ ಸೆಟ್ಟಿಂಗ್ ಕೆದಕಬೇಡಿ.

ಲೈಸೆನ್ಸ್ ಸರಿಯಿದ್ದರೆ ಲಾಗ್ ಫೈಲ್ ತೆರೆಯಿರಿ. ಎಲ್ಲರೂ ಕೊನೆಯ ಸಾಲು ಓದುತ್ತಾರೆ. ಓದಬೇಕಾದದ್ದು ಮೊದಲ ಎರರ್. ಅದರ ಕೆಳಗಿನವೆಲ್ಲ ಸಾಮಾನ್ಯವಾಗಿ ಆ ಮೊದಲ ಎರರ್‌ನಿಂದ ಹುಟ್ಟಿದವು.

ಅದಾದ ಮೇಲೆ ಫೋಲ್ಡರ್ ಹೆಸರು. ನಡುವೆ ಖಾಲಿ ಜಾಗ, ಕನ್ನಡ ಅಥವಾ ದೇವನಾಗರಿ ಅಕ್ಷರ, ಬಹಳ ಉದ್ದದ ಹೆಸರು ಇದ್ದರೆ ಕೆಲವು ಸಾಲ್ವರ್‌ಗಳು (ಲೆಕ್ಕ ಮಾಡುವ ಪ್ರೋಗ್ರಾಂಗಳು) ಫೈಲ್ ಸಿಗಲಿಲ್ಲ ಎನ್ನುತ್ತವೆ. ಜರ್ಮನಿಯ ಆಫೀಸಿನಿಂದ ಬಂದ ಡೇಟಾ ಇದ್ದರೆ ಇನ್ನೊಂದು ಸಂಗತಿ ನೋಡಲೇಬೇಕು. ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಕಾಮಾ ಹಾಕುತ್ತಾರೆ. 2,5 ಎಂದು ಬರೆದದ್ದನ್ನು ನಿಮ್ಮ ಸಾಫ್ಟ್‌ವೇರ್ 2 ಮತ್ತು 5 ಎಂದು ಎರಡು ಕಾಲಂ ಮಾಡಿಕೊಂಡು ಓದಬಹುದು. ಇದರಲ್ಲಿ ಅಪಾಯ ಏನೆಂದರೆ ಕೆಲವೊಮ್ಮೆ ಎರರ್ ಬರುವುದೇ ಇಲ್ಲ, ರನ್ ಆಗಿಬಿಡುತ್ತದೆ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಬೇರೆ ಯಾವುದೋ ಗಾಡಿಯದ್ದಾಗಿರುತ್ತದೆ. ಆದ್ದರಿಂದ ಡೇಟಾ ಓದಿಸಿದ ಮೇಲೆ ಅದರ ಗ್ರಾಫ್ ಒಮ್ಮೆ ಕಣ್ಣಿಂದ ನೋಡಿ.

ರನ್ ಕೊಟ್ಟ ಕೂಡಲೇ ಗಾಡಿ ಹಾರುತ್ತದೆ ಅಥವಾ ಕುಸಿದು ಕೂರುತ್ತದೆ

ಗಾಡಿ ನಿಂತಲ್ಲೇ ಸಮತೋಲನಕ್ಕೆ ಬರುತ್ತಿಲ್ಲ ಎಂದು ಇದರ ಅರ್ಥ. ಅನಿಮೇಶನ್ ನೋಡಿ ಮಾತ್ರ ಗಾಬರಿಯಾಗಬೇಡಿ. ಚಿತ್ರದ ಟೈರಿನ ಅಳತೆ ಬೇರೆ, ಲೆಕ್ಕದ ಟೈರಿನ ಅಳತೆ ಬೇರೆ ಇದ್ದರೆ ಚಕ್ರ ರಸ್ತೆಯೊಳಗೆ ಹೂತಂತೆ ಕಾಣುತ್ತದೆ, ಲೆಕ್ಕ ಸರಿಯಾಗಿಯೇ ಇರುತ್ತದೆ. ನಂಬಬೇಕಾದದ್ದು ಗ್ರಾಫ್.

ಸ್ಟೇರಿಂಗ್, ಬ್ರೇಕ್, ಆಕ್ಸಿಲರೇಟರ್ ಏನೂ ಕೊಡದೆ ಗಾಡಿಯನ್ನು ಸುಮ್ನೆ 5 ಸೆಕೆಂಡ್ ನಿಲ್ಲಿಸಿ. ನಾಲ್ಕು ಚಕ್ರದ ಭಾರ ಕೂಡಿಸಿ. ಒಟ್ಟು ತೂಕವನ್ನು 9.81ರಿಂದ ಗುಣಿಸಿದಷ್ಟು ನ್ಯೂಟನ್ ಬರಬೇಕು. 1200 ಕೆಜಿ ಗಾಡಿಗೆ 11,772 ನ್ಯೂಟನ್. ಜಾಸ್ತಿ ಬಂದರೆ ಚಕ್ರ, ಹಬ್, ಬ್ರೇಕ್‌ಗಳ ತೂಕ ಎರಡು ಸಲ ಸೇರಿರುವ ಸಾಧ್ಯತೆ ಹೆಚ್ಚು. ಸ್ಪ್ರಿಂಗ್ ಮೇಲಿನ ಭಾಗದ ತೂಕ ಕೇಳುವ ಜಾಗದಲ್ಲಿ ಇಡೀ ಗಾಡಿಯ ತೂಕ ತುಂಬಿಬಿಡುತ್ತಾರೆ, ಕೆಳಗಿನ ಭಾಗದ ತೂಕವನ್ನು ಮತ್ತೆ ಬೇರೆಯಾಗಿ ಕೊಡುತ್ತಾರೆ. ಇದು ಬಹಳ ಕಾಮನ್.

ಒಟ್ಟು ಸರಿಯಿದ್ದು ಮುಂದೆ ಹಿಂದೆ ಹಂಚಿಕೆ ತಪ್ಪಿದ್ದರೆ ತೂಕದ ಕೇಂದ್ರ ತಪ್ಪು ಜಾಗದಲ್ಲಿದೆ. ನಿಮ್ಮ ಹತ್ತಿರ ನಿಜವಾದ ಗಾಡಿ ಇದ್ದರೆ ವೇಬ್ರಿಜ್‌ಗೆ ತೆಗೆದುಕೊಂಡು ಹೋಗಿ. ಚಾಕಣ್, ಭೋಸರಿ ಕಡೆ ಲಾರಿಗಳಿಗಾಗಿ ವೇಬ್ರಿಜ್‌ಗೆ ಬರವಿಲ್ಲ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಇನ್ನೊಂದು ಚೀಟಿ. ಲಾರಿಯ ಕಾಟಾ ಆದ್ದರಿಂದ ಕೆಲವು ಕೆಜಿ ಹಿಂದೆ ಮುಂದೆ ಆಗುತ್ತದೆ, ಆದರೂ 100 ಕೆಜಿಯ ತಪ್ಪು ಬಯಲಾಗಲು ಅಷ್ಟು ಸಾಕು. ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು, ಯಾರು ಕೂತಿದ್ದರು ಎಂದು ಚೀಟಿಯ ಹಿಂದೆ ಬರೆದಿಡಿ.

ಭಾರ ಸರಿಯಿದ್ದೂ ಗಾಡಿ ಹಾರುತ್ತಿದ್ದರೆ ಸ್ಪ್ರಿಂಗಿನ ಯೂನಿಟ್ ನೋಡಿ. ಕೆಲವು ಸಾಫ್ಟ್‌ವೇರ್ ಮಿಲಿಮೀಟರ್‌ನಲ್ಲಿ ಯೋಚಿಸುತ್ತವೆ, ಕೆಲವು ಮೀಟರ್‌ನಲ್ಲಿ. ಒಂದು ಮಿಲಿಮೀಟರಿಗೆ 20 ನ್ಯೂಟನ್ ಎಂದರೆ ಒಂದು ಮೀಟರಿಗೆ 20,000. ಇಲ್ಲಿ ತಪ್ಪಿದರೆ ಸಾವಿರ ಪಟ್ಟು ತಪ್ಪು. ಇದಕ್ಕೆ ಒಂದು ಕೈಲೆಕ್ಕ ಇದೆ. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಮೇಲೆ 350 ಕೆಜಿ, ಚಕ್ರದ ಬಳಿ ಲೆಕ್ಕಹಾಕಿದ ಗಡಸುತನ ಮೀಟರಿಗೆ 20,000 ನ್ಯೂಟನ್. ಗಡಸುತನವನ್ನು ಕೆಜಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಸುಮಾರು 1.2 ಹರ್ಟ್ಜ್ ಬರುತ್ತದೆ. ಸಾಮಾನ್ಯ ಕಾರು 1ರಿಂದ 1.5 ಹರ್ಟ್ಜ್ ಆಸುಪಾಸಿನಲ್ಲಿ ಕುಣಿಯುತ್ತದೆ. ನಿಮ್ಮದು 0.04 ಅಥವಾ 38 ಬಂದರೆ ಅದು ಯೂನಿಟ್ ತಪ್ಪೇ, ಬೇರೆ ಹುಡುಕಬೇಡಿ.

ಅರ್ಧದಷ್ಟು ಮಾತ್ರ ವ್ಯತ್ಯಾಸ ಇದ್ದರೆ ಮೋಶನ್ ರೇಶಿಯೊ ಮೇಲೆ ಅನುಮಾನಪಡಿ. ಚಕ್ರ 1 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 0.7 ಮಿಲಿಮೀಟರ್ ಕುಗ್ಗುವುದಾದರೆ, ಚಕ್ರಕ್ಕೆ ಸಿಗುವ ಗಡಸುತನ ಸ್ಪ್ರಿಂಗಿನದ್ದರ 0.49 ಪಟ್ಟು, ಏಕೆಂದರೆ ರೇಶಿಯೊವನ್ನು ವರ್ಗ ಮಾಡಬೇಕು. ಸಾಫ್ಟ್‌ವೇರ್ ಈ ಲೆಕ್ಕವನ್ನು ತಾನೇ ಮಾಡುತ್ತಿರುವಾಗ ನೀವು ಮೊದಲೇ ಗುಣಿಸಿದ ಸಂಖ್ಯೆ ಕೊಟ್ಟರೆ ಎರಡು ಸಲ ಗುಣಿಸಿದಂತಾಯಿತು.

ನಿಂತಲ್ಲೇ ನಡುಗುತ್ತದೆ, ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ

ಮೊದಲು ಟೈಮ್ ಸ್ಟೆಪ್ (ಒಂದು ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವಿನ ಸಮಯ) ಅರ್ಧ ಮಾಡಿ ಮತ್ತೆ ಓಡಿಸಿ. 1 ಮಿಲಿಸೆಕೆಂಡ್ ಇದ್ದರೆ 0.5 ಮಾಡಿ. ನಡುಕ ಹೋದರೆ ಅಥವಾ ಅದರ ಆಕಾರ ಬದಲಾದರೆ ನೀವು ನೋಡುತ್ತಿದ್ದದ್ದು ಲೆಕ್ಕದ ದೋಷ. ಏನೂ ಬದಲಾಗದಿದ್ದರೆ ಅದು ಮಾಡೆಲ್‌ನಲ್ಲೇ ಇದೆ. ಚಕ್ರದ ಸ್ವಂತ ಕುಣಿತ ಸುಮಾರು 10ರಿಂದ 15 ಹರ್ಟ್ಜ್, ಅದಕ್ಕೆ 1 ಮಿಲಿಸೆಕೆಂಡ್ ಧಾರಾಳ. ಆದರೆ ಬಹಳ ಗಡಸಾದ ಬುಶ್ (ಜೋಡಣೆಯಲ್ಲಿರುವ ರಬ್ಬರ್) ಅಥವಾ ಬಂಪ್ ಸ್ಟಾಪ್ (ಚಕ್ರ ಪೂರ್ತಿ ಮೇಲೇರಿದಾಗ ತಡೆಯುವ ರಬ್ಬರ್) ಸೇರಿಸಿದ್ದರೆ ಅಷ್ಟು ಸಾಲದೆ ಹೋಗಬಹುದು.

ಗಾಡಿ ನಿಲ್ಲುವ ಹೊತ್ತಿಗೆ, ಗಂಟೆಗೆ ಒಂದೆರಡು ಕಿಲೋಮೀಟರ್ ವೇಗದಲ್ಲಿ ಮಾತ್ರ ನಡುಗಿದರೆ ಕಾರಣ ಬೇರೆ. ಟೈರ್ ಎಷ್ಟು ಜಾರುತ್ತಿದೆ ಎಂದು ಲೆಕ್ಕಹಾಕುವಾಗ ಗಾಡಿಯ ವೇಗದಿಂದ ಭಾಗಿಸುತ್ತಾರೆ. ವೇಗ ಸೊನ್ನೆಗೆ ಬಂದಾಗ ಆ ಭಾಗಾಕಾರ ಹುಚ್ಚೇಳುತ್ತದೆ. ಹೆಚ್ಚಿನ ಟೈರ್ ಮಾಡೆಲ್‌ಗಳಲ್ಲಿ ಕಡಿಮೆ ವೇಗಕ್ಕಾಗಿ ಬೇರೆ ಆಯ್ಕೆ ಇರುತ್ತದೆ, ಟೈರ್ ಬಲ ಬೆಳೆಯಲು ತೆಗೆದುಕೊಳ್ಳುವ ದೂರವನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆ. ಟೈರ್ ಫೈಲಿನಲ್ಲಿ ಯೂಸ್ ಮೋಡ್ 4 ಇದ್ದರೆ 14 ಮಾಡಿ ನೋಡಿ. 4ರಲ್ಲಿ ಬಲ ತಕ್ಷಣ ಬರುತ್ತದೆ, 14ರಲ್ಲಿ ಸ್ವಲ್ಪ ದೂರ ಉರುಳಿದ ಮೇಲೆ ಬರುತ್ತದೆ. ನಿಜವಾದ ಟೈರ್ ಹಾಗೇ ಇರುವುದು.

ಓಡುತ್ತಿರುವಾಗ ಗಾಡಿ ಕುಣಿತ ನಿಲ್ಲಿಸದೆ ಇದ್ದರೆ ಡ್ಯಾಂಪರ್ ಗ್ರಾಫ್ ತೆರೆಯಿರಿ. ಸಾಮಾನ್ಯ ಕಾರುಗಳಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಇರುವ ಬಲ ಕುಗ್ಗುವಾಗಿನದಕ್ಕಿಂತ ಜಾಸ್ತಿ. ಉಲ್ಟಾ ಕಂಡರೆ ಪ್ಲಸ್-ಮೈನಸ್ ಅದಲುಬದಲಾಗಿದೆ. ವೇಗದ ಕಾಲಂ ಮಿಲಿಮೀಟರ್‌ನಲ್ಲಿದೆಯೋ ಮೀಟರ್‌ನಲ್ಲಿದೆಯೋ, ಅದನ್ನೂ ನೋಡಿ.

ಸ್ಟೇರಿಂಗ್ ನೇರ, ಗಾಡಿ ಮಾತ್ರ ಒಂದು ಕಡೆ ಎಳೆಯುತ್ತದೆ

ಇದು ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ಇಲ್ಲಿಯೇ ಜನ ಅವಸರದಲ್ಲಿ ಟೋ ಕೋನ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಿರುಚಿ ಸರಿಮಾಡಿದೆ ಎಂದುಕೊಳ್ಳುವುದು. ಹಾಗೆ ಮಾಡಬೇಡಿ.

ರಸ್ತೆಯಿಂದ ಶುರು ಮಾಡಿ. ನೀರು ಹರಿದುಹೋಗಲಿ ಎಂದು ನಿಜವಾದ ರಸ್ತೆಗೆ ಅಡ್ಡ ಇಳಿಜಾರು ಇರುತ್ತದೆ, ಅಳತೆ ಮಾಡಿ ತಂದ ರಸ್ತೆ ಫೈಲಿನಲ್ಲೂ ಅದು ಬಂದಿರುತ್ತದೆ. ಪೂರ್ತಿ ಸಮತಟ್ಟಾದ ರಸ್ತೆ ಹಾಕಿ ಓಡಿಸಿ. ಎಳೆತ ಹೋದರೆ ಗಾಡಿಯಲ್ಲಿ ದೋಷವೇ ಇಲ್ಲ, ಗಾಡಿ ಸರಿಯಾಗಿಯೇ ವರ್ತಿಸುತ್ತಿತ್ತು.

ಎಳೆತ ಉಳಿದರೆ ಎಡ-ಬಲ ತೂಕ ಹೋಲಿಸಿ. ನಮ್ಮಲ್ಲಿ ಚಾಲಕ ಬಲಗಡೆ. ಯುರೋಪಿನಿಂದ ಬಂದ ಮಾಡೆಲ್‌ನಲ್ಲಿ ಎಡಗಡೆ ಕೂತಿರುತ್ತಾನೆ. ಚಾಲಕನ ತೂಕವನ್ನು ಬಲಕ್ಕೆ ತಂದರೂ ಸ್ಟೇರಿಂಗ್ ರ‍್ಯಾಕ್, ಕಾಲಂ ಇನ್ನೂ ಎಡಗಡೆಯದ್ದೇ ಉಳಿದಿರಬಹುದು. ಆಮೇಲೆ ಬ್ರೇಕ್. ಒಂದು ಚಕ್ರದ ಬ್ರೇಕಿನಲ್ಲಿ ಸ್ವಲ್ಪ ಒತ್ತಡ ಉಳಿದುಬಿಟ್ಟಿದೆಯೇ ಎಂದು ನಾಲ್ಕೂ ಚಕ್ರದ ಬ್ರೇಕ್ ಟಾರ್ಕ್ ಗ್ರಾಫ್ ಹಾಕಿ ನೋಡಿ.

ಇಷ್ಟರಲ್ಲಿ ಸಿಗದಿದ್ದರೆ ಟೈರ್. ನಿಜವಾದ ಟೈರ್ ಪೂರ್ತಿ ಸಮ ಇರುವುದಿಲ್ಲ. ಒಳಗಿನ ಪದರಗಳ ಓರೆಯಿಂದ, ತಯಾರಿಕೆಯ ಸಣ್ಣ ವ್ಯತ್ಯಾಸದಿಂದ, ನೇರ ಉರುಳುವಾಗಲೂ ಅದು ಒಂದಿಷ್ಟು ಅಡ್ಡ ಬಲ ಹುಟ್ಟಿಸುತ್ತದೆ. ಪರೀಕ್ಷೆ ಮಾಡಿದ ಟೈರಿನ ಆ ಬಲವೂ ಫೈಲಿನಲ್ಲಿ ದಾಖಲಾಗಿರುತ್ತದೆ. ಫೈಲಿನಲ್ಲಿ ಟೈರ್ ಸೈಡ್ ಎಂಬ ಸಾಲು ಇರುತ್ತದೆ, ಎಡ ಅಥವಾ ಬಲ. ಎಡಗಡೆಯ ಫೈಲನ್ನು ಕನ್ನಡಿಯಂತೆ ತಿರುಗಿಸದೆ ಬಲಗಡೆಗೂ ಹಾಕಿದರೆ ಎರಡೂ ಟೈರ್ ಒಂದೇ ಕಡೆ ತಳ್ಳುತ್ತವೆ, ಒಂದನ್ನೊಂದು ರದ್ದು ಮಾಡುವುದಿಲ್ಲ. ಗಾಡಿ ನಿಧಾನವಾಗಿ ಬದಿಗೆ ಸರಿಯುತ್ತದೆ.

ಖಚಿತಪಡಿಸಿಕೊಳ್ಳಲು ಫೈಲಿನ ಪ್ರತಿಯಲ್ಲಿ ಎಲ್‌ಎಚ್‌ವೈ ಮತ್ತು ಎಲ್‌ವಿವೈ ಎಂಬ ಎರಡು ಸ್ಕೇಲಿಂಗ್ ಸಂಖ್ಯೆ ಸೊನ್ನೆ ಮಾಡಿ ಒಂದು ರನ್ ಕೊಡಿ. ಎಳೆತ ಪೂರ್ತಿ ಹೋದರೆ ಅಥವಾ ಬಹುಪಾಲು ಹೋದರೆ ಮೂಲ ಟೈರಿನಲ್ಲಿದೆ. ಇದು ರೋಗ ಪತ್ತೆ ಮಾಡಲು ಮಾತ್ರ. ಪತ್ತೆಯಾದ ಮೇಲೆ ಅವನ್ನು ವಾಪಸ್ ಮೊದಲಿನ ಹಾಗೆ ಇಟ್ಟು, ಎಡ-ಬಲ ಸೆಟ್ಟಿಂಗನ್ನು ಸರಿಮಾಡಿ.

ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ, ಎಳೆತ ಇಲ್ಲದಿದ್ದರೂ ಪ್ರತಿ ಹೊಸ ಮಾಡೆಲ್‌ಗೆ ಇದನ್ನು ಮಾಡಿ ಎಂದು ನಾನು ಹೇಳುತ್ತೇನೆ. ಸ್ಟೇರಿಂಗ್ 30 ಡಿಗ್ರಿ ಎಡಕ್ಕೆ ಒಂದು ರನ್, 30 ಡಿಗ್ರಿ ಬಲಕ್ಕೆ ಒಂದು ರನ್. ಎರಡನೆಯದರ ಗ್ರಾಫನ್ನು ಮೈನಸ್ ಒಂದರಿಂದ ಗುಣಿಸಿ ಮೊದಲನೆಯದರ ಮೇಲೆ ಹಾಕಿ. ಚಾಲಕನ ತೂಕದಿಂದ ಬರುವ ಚಿಕ್ಕ ವ್ಯತ್ಯಾಸ ಬಿಟ್ಟರೆ ಎರಡೂ ಒಂದರ ಮೇಲೊಂದು ಕೂರಬೇಕು. ದೊಡ್ಡ ಅಂತರ ಕಂಡರೆ ಎಡ-ಬಲದ ಯಾವುದೋ ಹಾರ್ಡ್‌ಪಾಯಿಂಟ್ (ಸಸ್ಪೆನ್ಷನ್ ಭಾಗಗಳು ಕೂಡುವ ಬಿಂದು), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಚಿಹ್ನೆ ಅಥವಾ ಬುಶ್ ಒಂದು ಕಡೆ ಮಾತ್ರ ಬದಲಾಗಿದೆ.

ಸ್ವಲ್ಪ ತಿರುಗಿಸಿದರೂ ಗಾಡಿ ಸುತ್ತಿಬಿಡುತ್ತದೆ, ಅಥವಾ ಉಲ್ಟಾ ತಿರುಗುತ್ತದೆ

ಉಲ್ಟಾ ತಿರುಗಿದರೆ ಪ್ಲಸ್-ಮೈನಸ್ ಜಗಳ. ಗಾಡಿಯ ಅಕ್ಷಗಳ ದಿಕ್ಕು ಹೇಳುವ ಐಎಸ್‌ಒ 8855 ಮಾನದಂಡದಲ್ಲಿ ಎಕ್ಸ್ ಮುಂದಕ್ಕೆ, ವೈ ಎಡಕ್ಕೆ, ಜೆಡ್ ಮೇಲಕ್ಕೆ. ಹಳೆಯ ಎಸ್‌ಎಇ ಪದ್ಧತಿಯಲ್ಲಿ ವೈ ಬಲಕ್ಕೆ, ಜೆಡ್ ಕೆಳಕ್ಕೆ. ಆಡಮ್ಸ್ ಕಾರ್‌ನಲ್ಲಿ ಎಕ್ಸ್ ಹಿಂದಕ್ಕೆ. ಕ್ಯಾಡ್ ಟೀಮ್ ಕೊಟ್ಟ ಹಾರ್ಡ್‌ಪಾಯಿಂಟ್ ಪಟ್ಟಿಯಲ್ಲಿ ಯಾವುದು ಎಂದು ಕೇಳದೆ ತುಂಬಬೇಡಿ. ಐಎಸ್‌ಒ ಪ್ರಕಾರ ಎಡ ತಿರುವಿನಲ್ಲಿ ಯಾ ರೇಟ್ (ಮೇಲಿಂದ ನೋಡಿದಾಗ ಗಾಡಿ ತಿರುಗುವ ವೇಗ) ಪ್ಲಸ್, ಅಡ್ಡ ವೇಗೋತ್ಕರ್ಷ ಪ್ಲಸ್, ಬಾಡಿ ಬಲಕ್ಕೆ ವಾಲುವ ರೋಲ್ ಕೋನವೂ ಪ್ಲಸ್. ಮೂರರಲ್ಲಿ ಒಂದು ಮೈನಸ್ ಬಂದರೆ ಅಲ್ಲೇ ನಿಲ್ಲಿಸಿ.

ಸರಿಯಾದ ಕಡೆಗೇ ತಿರುಗಿ ಆಮೇಲೆ ಸುತ್ತಿದರೆ 50 ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 10 ಕಿಲೋಮೀಟರ್‌ನಲ್ಲಿ ಓಡಿಸಿ. ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 2.5 ಮೀಟರ್ ಇದ್ದರೆ ಚಕ್ರ ತಿರುಗಬೇಕಾದ ಕೋನ 2.5 ಭಾಗ 50, ಅಂದರೆ 0.05 ರೇಡಿಯನ್, ಸುಮಾರು 2.9 ಡಿಗ್ರಿ. ಸ್ಟೇರಿಂಗ್ ರೇಶಿಯೊ 16 ಇದ್ದರೆ ಸ್ಟೇರಿಂಗ್ ಚಕ್ರ ಸುಮಾರು 46 ಡಿಗ್ರಿ. ಇಷ್ಟು ನಿಧಾನದಲ್ಲಿ ಟೈರ್ ಗುಣ ಏನೂ ಅಡ್ಡ ಬರುವುದಿಲ್ಲ, ಬರೀ ಜ್ಯಾಮಿತಿ. ಇದೇ ಹೊಂದದಿದ್ದರೆ ಸ್ಟೇರಿಂಗ್ ರೇಶಿಯೊ ಅಥವಾ ಡಿಗ್ರಿ-ರೇಡಿಯನ್ ತಪ್ಪಾಗಿದೆ.

ಅದು ಹೊಂದಿದ ಮೇಲೆ ಅದೇ ವೃತ್ತದಲ್ಲಿ ವೇಗ ನಿಧಾನವಾಗಿ ಏರಿಸಿ. 60ಕ್ಕೆ ಬಂದಾಗ ಅಡ್ಡ ವೇಗೋತ್ಕರ್ಷ ಸುಮಾರು 0.57 ಜಿ (1 ಜಿ ಎಂದರೆ ಗುರುತ್ವದಷ್ಟು). ಸಾಮಾನ್ಯ ರಸ್ತೆ ಕಾರಿಗೆ ವೇಗ ಏರಿದಂತೆ ಸ್ಟೇರಿಂಗ್ ಕೋನ ಜಾಸ್ತಿ ಬೇಕಾಗುತ್ತಾ ಹೋಗಬೇಕು. ಕಡಿಮೆಯಾಗುತ್ತಾ ಹೋದರೆ ಹಿಂದಿನ ಟೈರ್ ಹಿಡಿತ ಮುಂದಿನದಕ್ಕಿಂತ ಬೇಗ ಸೋಲುತ್ತಿದೆ. ಆಗ ಮುಂದಿನ, ಹಿಂದಿನ ಟೈರ್ ಫೈಲ್ ಅದಲುಬದಲಾಗಿದೆಯೇ, ಹಿಂದಿನ ಚಕ್ರದ ಟೋ ಚಿಹ್ನೆ ತಪ್ಪಿದೆಯೇ, ಆಂಟಿ ರೋಲ್ ಬಾರ್ ಯೂನಿಟ್ ತಪ್ಪಿದೆಯೇ ನೋಡಿ. ಒಂದು ಡಿಗ್ರಿಗೆ ಇಷ್ಟು ಎಂಬ ಸಂಖ್ಯೆಯನ್ನು ಒಂದು ರೇಡಿಯನ್‌ಗೆ ಇಷ್ಟು ಎಂಬ ಜಾಗದಲ್ಲಿ ತುಂಬಿದರೆ ಬಾರ್ 57 ಪಟ್ಟು ಮೆತ್ತಗಾಗುತ್ತದೆ, ಗಾಡಿ ವಾಲಿ ಬೀಳುವಂತಾಗುತ್ತದೆ. ಇದರ ಉಲ್ಟಾ ಆದರೆ ಒಳಗಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಹಿಂದಿನ ಬಾರ್ ಹೀಗೆ ಗಡಸಾಗಿದ್ದರೆ ಗಾಡಿ ಸುತ್ತುವುದಕ್ಕೆ ಅದೊಂದೇ ಸಾಕು.

ಲೇನ್ ಬದಲಿಸುವಾಗ ಎಡಕ್ಕೂ ಬಲಕ್ಕೂ ತೊಯ್ದಾಡುತ್ತದೆ

ಗಾಡಿಯನ್ನು ದೂರುವ ಮೊದಲು ಚಾಲಕನನ್ನು ನೋಡಿ. ಸಾಫ್ಟ್‌ವೇರ್ ಒಳಗಿನ ಚಾಲಕ ಸ್ವಲ್ಪ ಮುಂದೆ ನೋಡಿ ಸ್ಟೇರಿಂಗ್ ತಿರುಗಿಸುತ್ತಾನೆ. ಅವನು ನೋಡುವ ದೂರ ಬಹಳ ಕಡಿಮೆ ಇದ್ದರೆ ತಡವಾಗಿ ತಿರುಗಿಸುತ್ತಾನೆ, ಜಾಸ್ತಿ ತಿರುಗಿಸುತ್ತಾನೆ, ಮತ್ತೆ ವಾಪಸ್ ಎಳೆಯುತ್ತಾನೆ. ಮುಂದೆ ನೋಡುವ ಸಮಯವನ್ನು 0.5ರಿಂದ 1 ಸೆಕೆಂಡಿಗೆ ಏರಿಸಿ ನೋಡಿ. ಆಮೇಲೆ ಚಾಲಕನನ್ನು ತೆಗೆದು, ಮೊದಲೇ ಬರೆದಿಟ್ಟ ಸ್ಟೇರಿಂಗ್ ಚಲನೆಯನ್ನು ಕೊಡಿ. ಚಾಲಕನಿಲ್ಲದೆಯೂ ತೊಯ್ದಾಟ ನಿಲ್ಲದಿದ್ದರೆ ಮಾತ್ರ ದೋಷ ಗಾಡಿಯದ್ದು. ಲೇನ್ ಬದಲಿಸುವ ಪರೀಕ್ಷೆಯ ಮಾನದಂಡವಾದ ಐಎಸ್‌ಒ 3888ರ ಕೋನ್‌ಗಳ ನಡುವೆ ಗಾಡಿ ಪಾಸೋ ಫೇಲೋ ಎಂಬ ತೀರ್ಮಾನವನ್ನು ಚಾಲಕ ಮಾಡೆಲ್ ಒಂದನ್ನೇ ನಂಬಿ ಕೊಡಬಾರದು.

ಬ್ರೇಕ್ ನಂಬಲಾಗದಷ್ಟು ಚೆನ್ನಾಗಿ ಹಿಡಿಯುತ್ತದೆ

ಗಂಟೆಗೆ 60 ಕಿಲೋಮೀಟರ್‌ನಿಂದ 0.8 ಜಿಯಲ್ಲಿ ನಿಂತರೆ ಸುಮಾರು 17.7 ಮೀಟರ್ ಬೇಕು. ನಿಮ್ಮ ಮಾಡೆಲ್ 12 ಮೀಟರಿನಲ್ಲಿ ನಿಂತರೆ ಅದು 1.18 ಜಿ. ಒಣ ರಸ್ತೆಯಲ್ಲೂ ಸಾಮಾನ್ಯ ಕಾರಿಗೆ ಅದು ಅನುಮಾನದ ಸಂಖ್ಯೆ. ರಸ್ತೆಯ ಘರ್ಷಣೆ ಸಂಖ್ಯೆ ಮತ್ತು ಟೈರ್ ಫೈಲಿನ ಹಿಡಿತ ಒಂದಕ್ಕೊಂದು ಗುಣಿಸಿ ಬರುತ್ತವೆ ಎಂಬುದನ್ನು ಮರೆಯಬೇಡಿ. ಜೊತೆಗೆ ಮುಂದಕ್ಕೆ ಸರಿಯುವ ಭಾರವನ್ನೂ ಕೈಯಲ್ಲಿ ಲೆಕ್ಕಹಾಕಿ. 1200 ಕೆಜಿ, 0.5 ಜಿ, ತೂಕದ ಕೇಂದ್ರದ ಎತ್ತರ 0.55 ಮೀಟರ್, ವೀಲ್‌ಬೇಸ್ 2.5 ಮೀಟರ್ ಆದರೆ ಸುಮಾರು 1295 ನ್ಯೂಟನ್ ಹಿಂದಿನಿಂದ ಮುಂದಿನ ಚಕ್ರಗಳಿಗೆ ಹೋಗಬೇಕು. ಹೊಂದದಿದ್ದರೆ ಎತ್ತರ ತಪ್ಪಿದೆ.

ಲಾರಿ ಮಾಡೆಲ್ ಮಾಡುವವರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರಿನಲ್ಲಿ ಲಾರಿಗಳು ಹಿಡಿತ ತಪ್ಪಿ ಎಷ್ಟು ಅನಾಹುತ ಮಾಡಿವೆ ಎಂದು ಪುಣೆಯಲ್ಲಿರುವ ನಮಗೆ ಹೇಳಬೇಕಾಗಿಲ್ಲ. 25 ಟನ್ ಲಾರಿ 100 ಮೀಟರ್ ಎತ್ತರ ಇಳಿದರೆ ಸುಮಾರು 24.5 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಎಂಜಿನ್ ಬ್ರೇಕ್ ಇಲ್ಲದೆ ನ್ಯೂಟ್ರಲ್‌ನಲ್ಲಿ ಇಳಿದರೆ ಅದರ ಬಹುಪಾಲು ಡ್ರಮ್‌ನಲ್ಲಿ ಶಾಖವಾಗುತ್ತದೆ. ಮಾಡೆಲ್‌ನಲ್ಲಿ ಬ್ರೇಕ್ ಬಿಸಿಯಾದಂತೆ ಹಿಡಿತ ಕಡಿಮೆಯಾಗುವ ಲೆಕ್ಕವೇ ಇಲ್ಲದಿದ್ದರೆ ಲಾರಿ ಪ್ರತಿ ಸಲವೂ ನಿಲ್ಲುತ್ತದೆ. ಅಂಥ ರಿಪೋರ್ಟಿನಲ್ಲಿ 'ಶಾಖದ ಪರಿಣಾಮ ಸೇರಿಸಿಲ್ಲ' ಎಂದು ಮೊದಲ ಪುಟದಲ್ಲೇ ಬರೆಯಿರಿ.

ಎಲ್ಲ ಸರಿ ಕಾಣುತ್ತದೆ, ಟ್ರ್ಯಾಕ್ ಡೇಟಾಕ್ಕೆ ಮಾತ್ರ ಹೊಂದುವುದಿಲ್ಲ

ಇಲ್ಲಿ ತಾಳ್ಮೆ ಬೇಕು. ಪಿಥಂಪುರದ ನ್ಯಾಟ್ರಾಕ್ಸ್ ಪರೀಕ್ಷಾ ಟ್ರ್ಯಾಕ್‌ವರೆಗೆ ಗಾಡಿ ಕಳಿಸಿ ತಂದ ಡೇಟಾ ಎಂದರೆ ಎಲ್ಲರೂ ಅದನ್ನೇ ಸತ್ಯ ಎಂದುಕೊಳ್ಳುತ್ತಾರೆ. ಅಳತೆಯಲ್ಲೂ ದೋಷ ಇರುತ್ತದೆ. ಅದನ್ನೇ ಮೊದಲು ನೋಡಿ, ಏಕೆಂದರೆ ಅದಕ್ಕೆ ಖರ್ಚಿಲ್ಲ.

ನೇರ ಓಡುವಾಗ ಸ್ಟೇರಿಂಗ್ ಸೆನ್ಸರ್ ಸೊನ್ನೆ ತೋರಿಸುತ್ತಿತ್ತೇ? ಅಡ್ಡ ವೇಗೋತ್ಕರ್ಷದ ಸೆನ್ಸರ್ ಬಾಡಿಗೆ ಕಟ್ಟಿದ್ದರೆ, ಬಾಡಿ ವಾಲಿದಾಗ ಅದು ಗುರುತ್ವವನ್ನೂ ಸ್ವಲ್ಪ ಓದುತ್ತದೆ. 4 ಡಿಗ್ರಿ ವಾಲಿದರೆ ಸುಮಾರು 0.07 ಜಿ ಜಾಸ್ತಿ. ಸಿಮ್ಯುಲೇಶನ್‌ನ ಗೆರೆ ರಸ್ತೆಗೆ ಸಮಾನಾಂತರವಾಗಿ ಅಳೆದದ್ದಾಗಿದ್ದರೆ ಎರಡೂ ಹೊಂದುವುದು ಸಾಧ್ಯವೇ ಇಲ್ಲ, ಟೈರ್ ಎಷ್ಟು ತಿರುಚಿದರೂ ಅಷ್ಟೇ. ಸೆನ್ಸರ್ ತೂಕದ ಕೇಂದ್ರದಲ್ಲಿಲ್ಲದೆ ಹಿಂದಿನ ಸೀಟಿನ ಕೆಳಗಿದ್ದರೆ ಗಾಡಿ ತಿರುಗಲು ಶುರುಮಾಡುವ ಕ್ಷಣದಲ್ಲಿ ಗೆರೆಯ ಆಕಾರವೇ ಬೇರೆ ಬರುತ್ತದೆ. ಮಾಡೆಲ್‌ನಲ್ಲೂ ಅದೇ ಜಾಗದಲ್ಲಿ ಒಂದು ಸೆನ್ಸರ್ ಇಡಿ. ಫಿಲ್ಟರ್ ಕೂಡ ಎರಡಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಫಿಲ್ಟರ್ ತಂದ ತಡವನ್ನು ಗಾಡಿಯ ತಡ ಎಂದುಕೊಳ್ಳುತ್ತೀರಿ.

ಟ್ರ್ಯಾಕಿನಲ್ಲಿ ಒಂದೇ ಪರೀಕ್ಷೆಯನ್ನು ಹಲವು ಸಲ ಮಾಡಿರುತ್ತಾರೆ. ಆ ಎಲ್ಲ ಗೆರೆಗಳನ್ನೂ ಒಟ್ಟಿಗೆ ಹಾಕಿ. ಅವು ಹರಡಿಕೊಂಡ ಪಟ್ಟಿಯೊಳಗೆ ನಿಮ್ಮ ಗೆರೆ ಬಿದ್ದರೆ ಕೆಲಸ ಮುಗಿಯಿತು. ಒಂದೇ ಗೆರೆಯ ಮೇಲೆ ಪೂರ್ತಿ ಕೂರಿಸಲು ಹೋಗಬೇಡಿ.

ಹಿಡಿತದ ಮಿತಿಯಲ್ಲಿ ಮಾತ್ರ ಸಿಮ್ಯುಲೇಶನ್ ಗಾಡಿ ಜಾಸ್ತಿ ಚೆನ್ನಾಗಿದ್ದರೆ ಟೈರ್ ಪರೀಕ್ಷೆಯ ಮೇಲ್ಮೈ ನೆನಪಿಸಿಕೊಳ್ಳಿ. ಪ್ರಯೋಗಾಲಯದ ಬೆಲ್ಟ್ ಮೇಲೆ ಸ್ಯಾಂಡ್‌ಪೇಪರ್‌ನಂಥ ಪದರ ಇರುತ್ತದೆ, ಅದು ಡಾಂಬರಿಗಿಂತ ಹೆಚ್ಚು ಕಚ್ಚುತ್ತದೆ. ಇಲ್ಲಿ ಹಿಡಿತದ ಸ್ಕೇಲಿಂಗ್ ಸ್ವಲ್ಪ ಇಳಿಸುವುದಕ್ಕೆ ನ್ಯಾಯವಾದ ಕಾರಣ ಇದೆ. ಕಾರಣ ಮತ್ತು ಸಂಖ್ಯೆ ಎರಡನ್ನೂ ಬರೆದಿಟ್ಟು ಇಳಿಸಿ. ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಡೇಟಾ ಆಗಿದ್ದರೆ ರಸ್ತೆ ಒದ್ದೆಯಿತ್ತೇ ಎಂದು ಡ್ರೈವರ್‌ರನ್ನೇ ಕೇಳಿ.

ಸಾಧಾರಣ ತಿರುವಿನಲ್ಲೇ ಸಿಮ್ಯುಲೇಶನ್ ಗಾಡಿ ಅತಿ ಚುರುಕಾಗಿದ್ದರೆ ಅದು ಹಿಡಿತದ ವಿಷಯ ಅಲ್ಲ. ನಿಜವಾದ ಗಾಡಿಯಲ್ಲಿ ಸ್ಟೇರಿಂಗ್ ಕಾಲಂ ಸ್ವಲ್ಪ ತಿರುಚಿಕೊಳ್ಳುತ್ತದೆ, ಬುಶ್‌ಗಳು ಒತ್ತಿಕೊಳ್ಳುತ್ತವೆ. ಮಾಡೆಲ್‌ನಲ್ಲಿ ಎಲ್ಲ ಕಬ್ಬಿಣದಷ್ಟು ಗಟ್ಟಿ ಇದ್ದರೆ ತಿರುಗಿಸಿದ್ದೆಲ್ಲ ಚಕ್ರಕ್ಕೆ ಹೋಗುತ್ತದೆ. ಇದನ್ನು ಸರಿಪಡಿಸಲು ಸಸ್ಪೆನ್ಷನ್ನಿನ ಕೆ ಆ್ಯಂಡ್ ಸಿ ಅಳತೆ (ಚಕ್ರ ಏರಿಳಿದಾಗ, ಬಲ ಬಿದ್ದಾಗ ಅದರ ಕೋನ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಬೇಕು, ಅದಕ್ಕೆ ರಿಗ್ ಬೇಕು, ದುಡ್ಡು ಬೇಕು. ಇಲ್ಲಿ ನಿಲ್ಲಿಸಿ, ಮ್ಯಾನೇಜರ್ ಹತ್ತಿರ ಅಳತೆ ಕೇಳಿ. ಅಳತೆ ಸಿಗದಿದ್ದರೆ ಊಹೆಯ ಸಂಖ್ಯೆ ಎಂದು ಹೆಸರಿಟ್ಟೇ ಹಾಕಿ.

ರೋಡ್ ಹಂಪ್ ಹತ್ತುವಾಗ ಮಾತ್ರ ಬಲ ಚುಚ್ಚಿದಂತೆ ಏರಿದರೆ ನಿಮ್ಮ ಟೈರ್ ಒಂದೇ ಬಿಂದುವಿನಲ್ಲಿ ನೆಲ ಮುಟ್ಟುವ ಸರಳ ಮಾಡೆಲ್ ಆಗಿರುತ್ತದೆ. ನಿಜವಾದ ಟೈರ್ ಸಣ್ಣ ಉಬ್ಬನ್ನು ತಬ್ಬಿಕೊಳ್ಳುತ್ತದೆ. ಅದಕ್ಕೆ ಎಫ್‌ಟೈರ್, ಸ್ವಿಫ್ಟ್ ಥರದ ಟೈರ್ ಮಾಡೆಲ್ ಬೇಕು.

ಸಿಮ್ಯುಲಿಂಕ್ ಜೊತೆ, ಬೆಂಚ್ ಮೇಲೆ, ಟ್ರ್ಯಾಕ್ ಮೇಲೆ

ಗಾಡಿ ಒಂಟಿಯಾಗಿ ಸರಿ, ಸಿಮ್ಯುಲಿಂಕ್ ಎಂಬ ಸಾಫ್ಟ್‌ವೇರ್‌ನಲ್ಲಿರುವ ಎಬಿಎಸ್ ಕಂಟ್ರೋಲರ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು) ಜೋಡಿಸಿದ ಕೂಡಲೇ ಕೆಡುತ್ತದೆ ಎಂದರೆ ದಾಟಿಹೋಗುವ ಸಿಗ್ನಲ್‌ಗಳ ಯೂನಿಟ್ ನೋಡಿ. ಒಂದು ಕಡೆ ಸೆಕೆಂಡಿಗೆ ಮೀಟರ್, ಇನ್ನೊಂದು ಕಡೆ ಗಂಟೆಗೆ ಕಿಲೋಮೀಟರ್ ಆಗಿದ್ದರೆ 3.6 ಪಟ್ಟು ವ್ಯತ್ಯಾಸ. ಎರಡೂ ಕಡೆಯ ಟೈಮ್ ಸ್ಟೆಪ್ ಹೊಂದುತ್ತದೆಯೇ, ನಡುವೆ ಎಷ್ಟು ಸ್ಟೆಪ್ ತಡ ಆಗುತ್ತಿದೆ ಎಂದೂ ನೋಡಿ.

ನಿಜವಾದ ಇಸಿಯು (ಗಾಡಿಯೊಳಗಿನ ಕಂಪ್ಯೂಟರ್), ಬ್ರೇಕ್ ಹೈಡ್ರಾಲಿಕ್ ಇರುವ ಬೆಂಚ್‌ಗೆ ಹೋದಾಗ ನಿಯಮ ಬದಲಾಗುತ್ತದೆ. ಅಲ್ಲಿ ನಿಜವಾದ ಒತ್ತಡ, ನಿಜವಾದ ಕರೆಂಟ್ ಇರುತ್ತದೆ. ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸಿ, ಪವರ್ ತೆಗೆಯಿರಿ, ಕನ್ನಡಕ ಹಾಕಿ. ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ನೀರಿನಿಂದ ಚೆನ್ನಾಗಿ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಮನುಷ್ಯ ಕೂತು ಓಡಿಸುವ ಸಿಮ್ಯುಲೇಟರ್‌ನಲ್ಲಿ ಸ್ಟೇರಿಂಗ್ ಮೋಟಾರಿಗೆ ಕೈ ತಿರುಚುವಷ್ಟು ಶಕ್ತಿ ಇರುತ್ತದೆ. ಪ್ಲಸ್-ಮೈನಸ್ ತಪ್ಪಿರುವ ಮಾಡೆಲ್ ಅಲ್ಲಿ ಸ್ಟೇರಿಂಗನ್ನು ರಭಸದಿಂದ ತಿರುಗಿಸಿಬಿಡುತ್ತದೆ. ಹೊಸ ಮಾಡೆಲ್ ಹಾಕಿದಾಗ ಟಾರ್ಕ್ ಮಿತಿ ಕಡಿಮೆ ಇಡಿ, ಮೊದಲ ರನ್‌ಗೆ ಸ್ಟೇರಿಂಗ್ ಮೇಲೆ ಕೈ ಇಡಬೇಡಿ, ಎಮರ್ಜೆನ್ಸಿ ಸ್ಟಾಪ್ ಹತ್ತಿರ ಇನ್ನೊಬ್ಬರು ನಿಂತಿರಲಿ. ತಲೆ ತಿರುಗಿದರೆ ತಕ್ಷಣ ಇಳಿಯಿರಿ, ಸುಧಾರಿಸುವವರೆಗೆ ಬೈಕ್ ಹತ್ತಬೇಡಿ.

ರಿಯಲ್ ಟೈಮ್ ಓವರ್‌ರನ್ ಎಂಬ ಸಂದೇಶ ಬಂದರೆ ಆ ರನ್‌ನ ಫಲಿತಾಂಶ ಎಸೆಯಿರಿ. ಲೆಕ್ಕ ಸಮಯಕ್ಕೆ ಮುಗಿಯಲಿಲ್ಲ ಎಂದು ಅದರ ಅರ್ಥ, ಕಂಟ್ರೋಲರ್ ಕಂಡ ಗಾಡಿ ನಿಜವಾದ ಗಾಡಿಯಲ್ಲ.

ಸಿಮ್ಯುಲೇಶನ್ ಹೇಳಿದ್ದನ್ನು ಖಚಿತಪಡಿಸಿಕೊಳ್ಳೋಣ ಎಂದು ಚಾಕಣ್ ರಸ್ತೆಯಲ್ಲೋ ಎಕ್ಸ್‌ಪ್ರೆಸ್‌ವೇಯಲ್ಲೋ ಗಾಡಿ ಹೊಯ್ದಾಡಿಸಬೇಡಿ. ಲೇನ್ ಚೇಂಜ್, ಸ್ಟೆಪ್ ಸ್ಟೇರ್ (ಸ್ಟೇರಿಂಗ್ ಒಮ್ಮೆಲೇ ತಿರುಗಿಸುವುದು), ಗಟ್ಟಿ ಬ್ರೇಕ್, ಇವೆಲ್ಲ ಮುಚ್ಚಿದ ಟ್ರ್ಯಾಕಿನಲ್ಲಿ, ತರಬೇತಿ ಪಡೆದ ಡ್ರೈವರ್ ಕೈಯಲ್ಲಿ, ಕಡಿಮೆ ವೇಗದಿಂದ ಮೆಟ್ಟಿಲು ಮೆಟ್ಟಿಲಾಗಿ ಆಗಬೇಕಾದ ಕೆಲಸ. ಸಿಮ್ಯುಲೇಶನ್‌ನಲ್ಲಿ ಒಳಗಿನ ಚಕ್ರ ಎದ್ದಿದ್ದರೆ ಅದನ್ನು ಆ ಡ್ರೈವರ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ.

ಸಹಾಯ ಕೇಳುವಾಗ

ನಿಂತ ಗಾಡಿಯ ಭಾರ, 50 ಮೀಟರ್ ವೃತ್ತ, ಎಡ-ಬಲ ಹೋಲಿಕೆ, ಅರ್ಧ ಟೈಮ್ ಸ್ಟೆಪ್, ಇಷ್ಟೂ ಪಾಸಾಗಿ ದೋಷ ಉಳಿದಿದ್ದರೆ ಒಬ್ಬರೇ ಕೂತು ಒದ್ದಾಡಬೇಡಿ. ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್‌ಗೆ ಬರೆಯಿರಿ. ವರ್ಶನ್ ಸಂಖ್ಯೆ, ಪೂರ್ತಿ ಲಾಗ್ ಫೈಲ್, ದೋಷ ಇನ್ನೂ ಕಾಣುವಷ್ಟು ಚಿಕ್ಕದು ಮಾಡಿದ ಮಾಡೆಲ್, ಏನು ನಿರೀಕ್ಷಿಸಿದಿರಿ, ಏನು ಬಂತು ಎಂಬ ಎರಡು ಸಾಲು ಕಳಿಸಿ. ಟೈರ್ ಫೈಲ್ ಸಾಮಾನ್ಯವಾಗಿ ಟೈರ್ ಕಂಪನಿಯ ಗುಟ್ಟಿನ ಆಸ್ತಿ, ಒಪ್ಪಂದ ನೋಡದೆ ಹೊರಗೆ ಕಳಿಸಬೇಡಿ. ಅದರ ಬದಲು ಸಾಫ್ಟ್‌ವೇರ್ ಜೊತೆ ಬಂದ ಉದಾಹರಣೆ ಟೈರ್ ಹಾಕಿ ದೋಷ ಉಳಿಯುತ್ತದೆಯೇ ನೋಡಿ. ಉಳಿದರೆ ಅದನ್ನೇ ಕಳಿಸಿ. ಹೋದರೆ ಪ್ರಶ್ನೆ ಟೈರ್ ಕೊಟ್ಟವರಿಗೆ ಹೋಗಬೇಕು.